ಹಿಂದೆ ಬರುವ ಗಾಲಿಗಳ ಯೋಗಕ್ಷೇಮ

ಸ್ವಂತ ಎಂಜಿನ್ನುಳ್ಳ ವಾಹನಕ್ಕೆ ತನ್ನ ಅಸ್ವಾಸ್ಥ್ಯವನ್ನು ಒಡೆಯನಿಗೆ ಅರುಹುವ ದಾರಿಗಳು ಹಲವುಂಟು. ಬ್ರೇಕು ಸಡಿಲವಾದರೆ ಪೆಡಲು ಕಾಲಿಗೆ ಹೇಳುತ್ತದೆ. ಗಾಲಿಯ ಬೇರಿಂಗು ಕೆಟ್ಟರೆ ಗುಂಯ್ಗುಡುವ ಸದ್ದು ಕಿವಿಗೆ ಮುಟ್ಟುತ್ತದೆ. ಚಕ್ರದ ನಡುಕ ಸ್ಟಿಯರಿಂಗಿನ ಮೂಲಕ ಕೈಗೆ ತಿಳಿಯುತ್ತದೆ. ಕಾರಿನ ಕೊಂಡಿಗೆ ಸಿಕ್ಕಿಕೊಂಡು ಹಿಂದೆ ಬರುವ ಬಂಡಿಮನೆಗೆ, ಎಂದರೆ ಅಮೆರಿಕದ ಜನ ಟ್ರಾವೆಲ್ ಟ್ರೇಲರ್ ಎಂದು ಕರೆಯುವ ಸಂಚಾರಿ ಬಿಡಾರಕ್ಕೆ, ಈ ಅನುಕೂಲಗಳಲ್ಲಿ ಒಂದೂ ಇಲ್ಲ. ಪ್ರಯಾಣಕಾಲದಲ್ಲಿ ಅದರೊಳಗೆ ಯಾರೂ ಕುಳಿತಿರುವುದಿಲ್ಲ. ಅದರ ಗಾಲಿಗೂ ಚಾಲಕನಿಗೂ ನಡುವೆ ದೂರವೂ ಉಂಟು, ಎಂಜಿನ್ನಿನ ಗದ್ದಲವೂ ಉಂಟು. ಅಲ್ಲಿಯ ವ್ಯಾಧಿ ಹೊಗೆಯ ರೂಪದಲ್ಲಿ ಕನ್ನಡಿಯೊಳಗೆ ಕಾಣಿಸಿಕೊಳ್ಳುವ ಹೊತ್ತಿಗೆ ಚಿಕಿತ್ಸೆಯ ಕಾಲ ಮಿಂಚಿರುತ್ತದೆ.

ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣದ ಸುತ್ತಮುತ್ತ ಈ ಬಂಡಿಗಳ ತಯಾರಿಕೆ ಮಹೋದ್ಯಮವಾಗಿ ಬೆಳೆದಿದೆ. ಬೇಸಿಗೆಯ ರಜೆ ಬಂದಿತೆಂದರೆ ಯೆಲ್ಲೋಸ್ಟೋನಿನ ಕಡೆಗೂ ರಾಕಿ ಪರ್ವತಗಳ ಕಡೆಗೂ ಹೊರಡುವ ಇಂತಹ ಬಂಡಿಗಳ ಸಾಲಿನಲ್ಲಿ ಕ್ಯಾಲಿಫೋರ್ನಿಯಾ, ಟೆಕ್ಸಾಸ್ ಮೊದಲಾದ ಕಡೆ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳೂ ಈಗ ಅಪರೂಪವಲ್ಲ. ಅಡುಗೆಯ ಒಲೆ, ಮಲಗುವ ಮಂಚ, ಸೋರದ ಛಾವಣಿ, ತಣ್ಣೀರು ಬಿಸಿನೀರುಗಳ ನಲ್ಲಿ, ಇವುಗಳನ್ನೆಲ್ಲ ಹೊರಡುವ ಮುನ್ನ ಎರಡೆರಡು ಸಲ ಪರೀಕ್ಷಿಸುವ ಗೃಹಸ್ಥನು, ಈ ಸಮಸ್ತ ಸಂಸಾರವನ್ನೂ ಹೊತ್ತು ಉರುಳತಕ್ಕ ನಾಲ್ಕು ಗಾಲಿಗಳ ಗುಂಬದೊಳಗೆ ಏನು ನಡೆದಿದೆಯೆಂದು ವಿಚಾರಿಸುವುದು ವಿರಳ. ವಿಚಾರಿಸಬೇಕೆಂದರೂ ಅದು ಹೊರಗಿನಿಂದ ಕಾಣುವ ವಸ್ತುವಲ್ಲ. ಗಾಲಿ ಚೆನ್ನಾಗಿ ತಿರುಗುತ್ತಿದೆ ಎಂಬುದರಿಂದ ಒಳಗೆ ಎಲ್ಲವೂ ಕ್ಷೇಮವೆಂದು ಸಿದ್ಧವಾಗುವುದಿಲ್ಲ. ವರ್ಷಕ್ಕೊಮ್ಮೆ ಬಿಚ್ಚಿ, ತೊಳೆದು, ಕಣ್ಣಾರೆ ಕಂಡ ಹೊರತು ಅದರ ಸ್ಥಿತಿಯನ್ನು ನಿಶ್ಚಯವಾಗಿ ಅರಿಯಲು ಬೇರೆ ಉಪಾಯವಿಲ್ಲ. ಈ ಕಾರ್ಯಕ್ಕೆ ಬದಲಾಗಿ ಮಾಡಬಹುದೆಂದು ಹೇಳಲಾಗುವ ಸುಲಭೋಪಾಯಗಳು ಏತಕ್ಕೆ ಸಾಲವು ಎಂಬುದನ್ನು ವಿವರಿಸುವುದೇ ಈ ಬರಹದ ಉದ್ದೇಶ.

ಮೊದಲು ಬೇರಿಂಗಿನ ವಿಷಯ. ಬಂಡಿಯ ಅಡಿಯಲ್ಲಿ ಅಡ್ಡಲಾಗಿ ಹಾಯ್ದಿರುವ ಅಚ್ಚಿನ ಎರಡು ತುದಿಗಳಲ್ಲಿಯೂ ಸ್ಪಿಂಡಲ್ ಎಂಬ ಮೊನಚುಗೊಂಡ ಉಕ್ಕಿನ ಭಾಗವಿದೆ. ಅದು ತಿರುಗುವುದಿಲ್ಲ, ಅದರ ಸುತ್ತ ಗಾಲಿಯ ಗುಂಬ, ಎಂದರೆ ಹಬ್, ತಿರುಗುತ್ತದೆ. ತಿರುಗದ ಸ್ಪಿಂಡಲಿಗೂ ತಿರುಗುವ ಹಬ್ಬಿಗೂ ನಡುವೆ, ಒಳಮಗ್ಗುಲಿಗೆ ದೊಡ್ಡದೊಂದು, ಹೊರಮಗ್ಗುಲಿಗೆ ಚಿಕ್ಕದೊಂದು, ಹೀಗೆ ಎರಡು ಬೇರಿಂಗುಗಳು ಪರಸ್ಪರ ಅಭಿಮುಖವಾಗಿ ಕುಳಿತಿರುತ್ತವೆ. ಇವುಗಳಲ್ಲಿರುವುದು ದುಂಡಾದ ಗುಂಡುಗಳಲ್ಲ, ಒಂದು ಕಡೆಗೆ ಕಿರಿದಾಗುತ್ತ ಹೋಗುವ ಶಂಕುವಿನ ಆಕಾರದ ಉರುಳೆಗಳು. ಬಂಡಿಯ ತೂಕ ಮೇಲಿನಿಂದ ಕೆಳಕ್ಕೆ ಒತ್ತುವುದಷ್ಟೇ ಆಗಿದ್ದರೆ ನೇರವಾದ ಉರುಳೆಗಳು ಸಾಕಾಗುತ್ತಿದ್ದುವು. ಆದರೆ ರಸ್ತೆ ತಿರುಗಿದಾಗಲೆಲ್ಲ ಅದೇ ತೂಕ ಪಕ್ಕಕ್ಕೂ ನೂಕುತ್ತದೆ. ಓರೆಯಾಗಿ ಕುಳಿತ ಉರುಳೆ ಈ ಎರಡು ಬಗೆಯ ಭಾರಗಳನ್ನೂ ಏಕಕಾಲದಲ್ಲಿ ತಾಳಬಲ್ಲುದು.

ಈ ಓರೆಯುರುಳೆಯ ಬೇರಿಂಗನ್ನು ವಾಹನಗಳಿಗೆ ಹೊಂದಿಸಿ ಪ್ರಚಾರಕ್ಕೆ ತಂದ ಹೆನ್ರಿ ಟಿಮ್ಕೆನ್ ಎಂಬಾತನು ಸೇಂಟ್ ಲೂಯಿಸ್ ನಗರದಲ್ಲಿ ಕುದುರೆಗಾಡಿಗಳನ್ನು ತಯಾರಿಸುತ್ತಿದ್ದವನೆಂಬುದು ಗಮನಾರ್ಹವಾದ ಸಂಗತಿ. 1898ರಲ್ಲಿ ಆತನಿಗೂ ಆತನ ಸಂಗಡಿಗನಿಗೂ ಇದರ ಪೇಟೆಂಟ್ ದೊರೆಯಿತು. ಮರುವರ್ಷವೇ ಬೇರಿಂಗ್ ಮತ್ತು ಅಚ್ಚುಗಳ ಕಂಪೆನಿ ಸ್ಥಾಪಿತವಾಯಿತು. ಮೋಟಾರುಗಾಡಿಯ ಯುಗವು ಉದಿಸುತ್ತಿದ್ದಂತೆಯೇ ಅದು ಉಕ್ಕಿನ ಕಾರ್ಖಾನೆಗಳಿಗೂ ಕಾರಿನ ಕಾರ್ಖಾನೆಗಳಿಗೂ ಸಮೀಪವಾದ ಒಹಾಯೋ ರಾಜ್ಯದ ಕ್ಯಾಂಟನ್ನಿಗೆ ವಲಸೆ ಹೋಯಿತು. ಕುದುರೆಗಾಡಿಗೆಂದು ಹುಟ್ಟಿದ ಆ ಸಾಧನವೇ ಇಂದಿಗೂ ಟ್ರೇಲರಿನ ಗಾಲಿಯಲ್ಲಿ ಸ್ವರೂಪದ ಬದಲಾವಣೆಯಿಲ್ಲದೆ ಉಳಿದುಬಂದಿದೆ. ನಮ್ಮ ಹಳ್ಳಿಯ ಎತ್ತಿನ ಗಾಡಿಯನ್ನು ಬಲ್ಲವರಿಗಂತೂ ಇದರ ತತ್ತ್ವ ಹೊಸದೆನಿಸದು: ಅಚ್ಚಿಗೆ ಕೀಲೆಣ್ಣೆ ಹಾಕುವ ಬದಲು ಇಲ್ಲಿ ಗ್ರೀಸು ತುಂಬುತ್ತಾರೆ, ಗಾಲಿ ಕಳಚಿ ಬೀಳದಂತೆ ಕಡಾಣಿ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ನಟ್ಟೂ ಅದನ್ನು ತಡೆಹಿಡಿಯುವ ಕಾಟರ್ ಪಿನ್ನೂ ಮಾಡುತ್ತವೆ.

ಈ ಪುಟ್ಟ ಉರುಳೆಗಳು ಹೊರುವ ಹೊರೆ ಎಷ್ಟೆಂಬುದನ್ನು ತುಸು ಲೆಕ್ಕ ಹಾಕಬಹುದು. ಸಾಧಾರಣವಾದ ಟ್ರೇಲರಿನ ಒಂದು ಅಚ್ಚಿನ ಸಾಮರ್ಥ್ಯ 3,500 ಪೌಂಡು, ಎಂದರೆ ಸುಮಾರು 1,600 ಕಿಲೋಗ್ರಾಂ. ಒಂದೊಂದು ಗಾಲಿಗೂ ಅದರಲ್ಲಿ ಅರ್ಧ. 15 ಅಂಗುಲದ ರಿಮ್ಮಿನ ಮೇಲೆ ಕುಳಿತ ಟೈರು ಒಂದು ಕಿಲೋಮೀಟರಿಗೆ 450 ಸುತ್ತುಗಳಿಗೂ ಮೇಲ್ಪಟ್ಟು ತಿರುಗುತ್ತದೆ. ಸಾವಿರ ಕಿಲೋಮೀಟರಿನ ಪ್ರವಾಸದಲ್ಲಿ ಅವು ನಾಲ್ಕೂವರೆ ಲಕ್ಷ ಸುತ್ತುಗಳಾಗುತ್ತವೆ. ಇಷ್ಟು ಸುತ್ತುಗಳಲ್ಲಿ ಉಕ್ಕು ಉಕ್ಕನ್ನು ನೇರವಾಗಿ ಉಜ್ಜದಂತೆ ನಡುವೆ ನಿಂತು ಕಾಯುವುದು ಗ್ರೀಸಿನ ಅತ್ಯಂತ ತೆಳುವಾದ ಒಂದು ಪದರ. ಆ ಪದರ ಒಡೆದ ಸ್ಥಳದಲ್ಲಿ ಘರ್ಷಣೆ, ಘರ್ಷಣೆಯಿಂದ ಉಷ್ಣ, ಉಷ್ಣದಿಂದ ಗ್ರೀಸು ಕರಗಿ ಹರಿಯುವುದು, ಅದರಿಂದ ಮತ್ತಷ್ಟು ಘರ್ಷಣೆ, ಹೀಗೆ ಒಂದು ಕೇಡು ಇನ್ನೊಂದನ್ನು ಪೋಷಿಸುತ್ತ ಹೋಗಿ, ಕಡೆಗೆ ಉರುಳೆಗಳು ಸ್ಪಿಂಡಲಿಗೆ ಬೆಸೆದುಕೊಳ್ಳುವುದೂ ಗಾಲಿಯು ಹಬ್ಬಿನೊಡನೆ ಕಿತ್ತುಹೋಗಿ ಹೆದ್ದಾರಿಯಲ್ಲಿ ತಾನೊಂದೇ ಓಡುವುದೂ ಉಂಟು.

ಆದರೆ ವಿಪರೀತವೆಂದು ತೋರುವ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಟ್ರೇಲರಿನ ಬೇರಿಂಗು ಓಡಿ ಕೆಡುವುದಕ್ಕಿಂತ ನಿಂತು ಕೆಡುವುದು ಕಡಮೆಯೇನಲ್ಲ. ನಿತ್ಯವೂ ಓಡಾಡುವ ಕಾರಿನಲ್ಲಿ ಗ್ರೀಸು ಸದಾ ಉರುಳೆಗಳನ್ನು ಬಳಸಿಕೊಂಡಿರುತ್ತದೆ. ವರ್ಷದಲ್ಲಿ ಕೆಲವೇ ವಾರಗಳು ದುಡಿದು ಉಳಿದ ಕಾಲವೆಲ್ಲ ಮನೆಯ ಹಿತ್ತಿಲಿನಲ್ಲಿ ನಿಂತಿರುವ ಬಂಡಿಯಲ್ಲಿ ಹಾಗಾಗುವುದಿಲ್ಲ. ತಿಂಗಳುಗಟ್ಟಲೆ ಒಂದೇ ಭಂಗಿಯಲ್ಲಿ ನಿಂತ ಗಾಲಿಯ ತಳಭಾಗದ ಉರುಳೆಗಳ ಮೇಲೆಯೇ ಇಡೀ ಭಾರ ಬಿದ್ದು, ಅಲ್ಲಿಯ ಗ್ರೀಸು ಹಿಂಡಿಹೋಗುತ್ತದೆ. ಹಗಲಿನ ಬಿಸಿಲಿಗೆ ಹಬ್ಬಿನೊಳಗಿನ ಗಾಳಿ ಹಿಗ್ಗುತ್ತದೆ, ರಾತ್ರಿಯ ಶೈತ್ಯಕ್ಕೆ ಕುಗ್ಗುತ್ತದೆ. ಕುಗ್ಗುವಾಗ, ಹಬ್ಬಿನ ಹಿಂಬದಿಯನ್ನು ಮುಚ್ಚುವ ಹಳೆಯ ಸೀಲಿನ ಬಿರುಕಿನಿಂದ ತೇವವನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ಆ ತೇವವು ಉಕ್ಕಿನ ಮೇಲೆ ಹನಿಗಟ್ಟಿ ತುಕ್ಕನ್ನು ಹಿಡಿಸುತ್ತದೆ. ವಸಂತದಲ್ಲಿ ಅಂತಹ ಹಬ್ಬನ್ನು ಬಿಚ್ಚಿ ನೋಡಿದರೆ, ಉರುಳೆಗಳು ನಿಂತಿದ್ದ ಅಂತರಕ್ಕೆ ಸರಿಯಾಗಿ ಕಪ್ಪು ಗೆರೆಗಳು ಸಾಲಾಗಿ ಮೂಡಿರುವುದನ್ನು ಕಾಣಬಹುದು. ದೋಣಿ ಸಾಗಿಸುವ ಟ್ರೇಲರುಗಳಲ್ಲಿ ಇದೇ ಕೇಡು ಕ್ಷಣಮಾತ್ರದಲ್ಲಿ ಆಗುತ್ತದೆ. ಓಡಿ ಕಾದ ಹಬ್ಬನ್ನು ಒಡನೆಯೇ ಸರೋವರದ ತಣ್ಣೀರಿನಲ್ಲಿ ಮುಳುಗಿಸಿದಾಗ ಒಳಗಿನ ಗಾಳಿ ತಟ್ಟನೆ ಕುಗ್ಗಿ ನೀರನ್ನೇ ಹೀರಿಕೊಳ್ಳುತ್ತದೆ. ಆದುದರಿಂದ, ಹೋದ ವರ್ಷ ಬಂಡಿಯನ್ನು ಹೆಚ್ಚಾಗಿ ಎಳೆಯಲಿಲ್ಲವಾದ್ದರಿಂದ ಈ ವರ್ಷ ಬೇರಿಂಗನ್ನು ನೋಡಬೇಕಾದುದಿಲ್ಲವೆಂಬ ವಾದಕ್ಕೆ ಆಧಾರವಿಲ್ಲ. ಅಚ್ಚುಗಳ ತಯಾರಕರು 12 ತಿಂಗಳು ಅಥವಾ 12,000 ಮೈಲಿ, ಇವೆರಡರಲ್ಲಿ ಯಾವುದು ಮೊದಲು ಬರುವುದೋ ಅದನ್ನು ಗಡುವಾಗಿ ಇಟ್ಟಿರುವುದರಲ್ಲಿ ಈ ವಿವೇಕವಿದೆ. ಹನ್ನೆರಡು ಸಾವಿರ ಮೈಲಿ ಸುತ್ತುವ ಟ್ರೇಲರುಗಳು ಕಡಮೆ. ಹನ್ನೆರಡು ತಿಂಗಳು ಮಾತ್ರ ಎಲ್ಲವಕ್ಕೂ ಬರುತ್ತವೆ.

ಬಿಚ್ಚುವ ಕ್ರಮ ಕಷ್ಟವಾದುದಲ್ಲ. ತಾಳ್ಮೆಯನ್ನು ಮಾತ್ರ ಬೇಡುತ್ತದೆ. ಬಂಡಿಯನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಎದುರು ಪಕ್ಕದ ಗಾಲಿಗಳ ಮುಂದೂ ಹಿಂದೂ ಅಡ್ಡೆ ಕೊಟ್ಟು, ಜ್ಯಾಕನ್ನು ಅಚ್ಚಿನ ಕೊಳವೆಗಾಗಲಿ ಸ್ಪ್ರಿಂಗಿಗಾಗಲಿ ತಾಗಿಸದೆ ಚೌಕಟ್ಟಿಗೇ ಕೊಟ್ಟು ಎತ್ತಿ, ಅನಂತರ ಭದ್ರವಾದ ಸ್ಟ್ಯಾಂಡುಗಳ ಮೇಲೆ ಇಳಿಸಬೇಕು. ಜ್ಯಾಕೊಂದನ್ನೇ ನಂಬಿ ಕೆಳಗೆ ಕೈಯಿಕ್ಕುವುದು ಪ್ರಾಣದೊಡನೆ ಚೆಲ್ಲಾಟ. ಗಾಲಿಯನ್ನು ಕಳಚಿದ ಮೇಲೆ ಹಬ್ಬಿನ ನಡುವಿನ ತಗಡಿನ ಮುಚ್ಚಳವನ್ನು ತೆಗೆದು, ಕಾಟರ್ ಪಿನ್ನನ್ನು ನೇರಮಾಡಿ ಎಳೆದು, ನಟ್ಟನ್ನೂ ವಾಷರನ್ನೂ ಬಿಚ್ಚಿದರೆ ಹೊರಗಿನ ಬೇರಿಂಗು ಕೈಗೆ ಬರುತ್ತದೆ. ಬಳಿಕ ಹಬ್ಬನ್ನೂ ಅದರೊಡನೆ ಒಂದಾಗಿರುವ ಬ್ರೇಕಿನ ಡ್ರಮ್ಮನ್ನೂ ಎರಡು ಕೈಗಳಿಂದ ಹಿಡಿದು ಹೊರಕ್ಕೆಳೆದು, ಹಿಂಬದಿಯ ಸೀಲನ್ನು ಮೀಟಿದರೆ ಒಳಗಿನ ಬೇರಿಂಗು ಬಿಡುಗಡೆಯಾಗುತ್ತದೆ. ನಾಲ್ಕು ಗಾಲಿಗಳ ಭಾಗಗಳನ್ನೂ ಒಂದೇ ಬಾಂಡಲೆಗೆ ಸುರಿಯಬಾರದು. ಒಂದೊಂದು ಉರುಳೆಗೊಂಚಲೂ ಹಬ್ಬಿನೊಳಗೆ ತಾನು ಓಡಿದ ಉಕ್ಕಿನ ಬಟ್ಟಲಿನೊಡನೆ ಸವೆದು ಹೊಂದಿಕೊಂಡಿರುವುದರಿಂದ, ಆಯಾ ಗಾಲಿಯದನ್ನು ಆಯಾ ಗಾಲಿಗೇ ಮರಳಿಸತಕ್ಕದ್ದು.

ಸೀಮೆಎಣ್ಣೆಯಲ್ಲಿಯೋ ಬೇರೆ ದ್ರಾವಕದಲ್ಲಿಯೋ ಹಳೆಯ ಗ್ರೀಸೆಲ್ಲ ಹೋಗುವಂತೆ ತೊಳೆದು ಒಣಗಿಸಿದ ಮೇಲೆಯೇ ನಿಜವಾದ ಪರೀಕ್ಷೆ ಆರಂಭವಾಗುವುದು. ಒಣಗಿಸುವ ಆತುರದಲ್ಲಿ ಕಂಪ್ರೆಸರಿನ ಗಾಳಿಯಿಂದ ಬೇರಿಂಗನ್ನು ಗಿರ್ರನೆ ತಿರುಗಿಸುವ ಚಪಲ ಕೆಲವರಿಗುಂಟು. ಗ್ರೀಸಿಲ್ಲದ ಉರುಳೆಗಳು ಆ ವೇಗಕ್ಕೆ ಗಾಯಗೊಳ್ಳುತ್ತವೆ, ಒಮ್ಮೊಮ್ಮೆ ಪಂಜರವೊಡೆದು ಸಿಡಿಯುವುದೂ ಸಾಧ್ಯ. ಉರುಳೆಗಳ ಮೈ ಬೆಳ್ಳಿಯ ಬಣ್ಣದಿಂದ ನುಣುಪಾಗಿರಬೇಕು. ಹೊಂಬಣ್ಣ ಅಥವಾ ನೀಲಿ ಛಾಯೆ ತಿರುಗಿದ್ದರೆ ಅದು ಮಿತಿಮೀರಿ ಕಾದುದರ ಗುರುತು. ಸೂಜಿಮೊನೆಯಷ್ಟು ಗುಳಿಗಳಿದ್ದರೆ ತುಕ್ಕಿನ ಗುರುತು. ಮೇಲ್ಪದರ ಚಕ್ಕೆಯೆದ್ದಿದ್ದರೆ ಉಕ್ಕು ದಣಿದಿದೆಯೆಂಬುದರ ಗುರುತು. ಹಬ್ಬಿನೊಳಗೆ ಬಿಗಿಯಾಗಿ ಕುಳಿತ ಬಟ್ಟಲಿನ ಮೇಲೆಯೂ ಇವೇ ಲಕ್ಷಣಗಳನ್ನು ಹುಡುಕಬೇಕು. ಕಣ್ಣಿಗೆ ಕಾಣದ ಒರಟನ್ನು ಉಗುರಿನ ತುದಿ ಕಂಡುಹಿಡಿಯುತ್ತದೆ. ಇವುಗಳಲ್ಲಿ ಯಾವುದೊಂದು ತೋರಿಬಂದರೂ ಉರುಳೆಗೊಂಚಲನ್ನೂ ಬಟ್ಟಲನ್ನೂ ಜೊತೆಯಾಗಿಯೇ ಬದಲಿಸತಕ್ಕದ್ದು. ಹಳೆಯ ಬಟ್ಟಲಿನಲ್ಲಿ ಹೊಸ ಉರುಳೆಗಳನ್ನು ಓಡಿಸುವುದು ಉಳಿತಾಯವೆಂದು ತೋರಿದರೂ ಹೊಸದನ್ನು ಬೇಗನೆ ಹಳತು ಮಾಡುವ ವಿಧಾನ. ಬದಲಿ ಕೊಳ್ಳುವುದೂ ಸುಲಭ, ಏಕೆಂದರೆ ಇವುಗಳ ಮೇಲೆ ಸಂಖ್ಯೆಯನ್ನು ಕೆತ್ತಿರುತ್ತಾರೆ. 3,500 ಪೌಂಡಿನ ಅಚ್ಚಿನಲ್ಲಿ ಸಾಮಾನ್ಯವಾಗಿ ಒಳಗಿನದು ಎಲ್68149, ಹೊರಗಿನದು ಎಲ್44649. ಯಾವ ಕಂಪೆನಿ ತಯಾರಿಸಿದರೂ ಈ ಸಂಖ್ಯೆಯ ಬೇರಿಂಗಿನ ಅಳತೆ ಒಂದೇ.

ಗ್ರೀಸು ತುಂಬುವುದು ಕೈಯ ಕೆಲಸ. ಅಂಗೈಯಲ್ಲಿ ಒಂದು ಮುದ್ದೆಯನ್ನಿಟ್ಟುಕೊಂಡು, ಬೇರಿಂಗಿನ ಅಗಲವಾದ ಅಂಚನ್ನು ಅದರ ಮೇಲೆ ಒತ್ತಿ ಒತ್ತಿ, ಉರುಳೆಗಳ ಸಂದಿಯಿಂದ ಹೊಸ ಗ್ರೀಸು ಮೇಲಕ್ಕೆ ಹೊರಚಿಮ್ಮುವ ತನಕ ಒಂದು ಸುತ್ತು ಪೂರ್ತಿ ಬರಬೇಕು. ಮೇಲೆ ಮೇಲೆ ಸವರಿದರೆ ಸಾಲದು. ಗಾಲಿ ಬೇರಿಂಗಿಗೆಂದೇ ನಿರ್ದಿಷ್ಟವಾದ, ಹೆಚ್ಚಿನ ಉಷ್ಣವನ್ನು ತಾಳುವ ಲಿಥಿಯಂ ಕಾಂಪ್ಲೆಕ್ಸ್ ಗ್ರೀಸು ಈ ಕೆಲಸಕ್ಕೆ ರೂಢಿಯಲ್ಲಿದೆ. ಎಲ್ಲ ಗ್ರೀಸುಗಳೂ ಪರಸ್ಪರ ಹೊಂದುವುದಿಲ್ಲ. ಜಾತಿ ಬೇರೆಯಾದ ಎರಡು ಗ್ರೀಸುಗಳು ಬೆರೆತಾಗ ಅವುಗಳ ಗಟ್ಟಿತನ ಹೋಗಿ ಎಣ್ಣೆ ಬೇರ್ಪಟ್ಟು ಹರಿಯಬಹುದು. ಸೀಲಿನ ವಿಷಯದಲ್ಲಿ ಜಿಪುಣತನ ಸಲ್ಲದು: ಒಮ್ಮೆ ಮೀಟಿ ತೆಗೆದ ಸೀಲನ್ನು ಪುನಃ ಹಾಕಬಾರದು.

ಇನ್ನು ನಟ್ಟನ್ನು ಬಿಗಿಯುವ ರೀತಿ. ಅಭ್ಯಾಸವಿಲ್ಲದವನ ಪ್ರವೃತ್ತಿ ಎಲ್ಲ ನಟ್ಟನ್ನೂ ತನ್ನ ಬಲವಿದ್ದಷ್ಟು ಬಿಗಿಯುವುದು. ಇಲ್ಲಿ ಹಾಗೆ ಮಾಡಿದರೆ ಬೇರಿಂಗು ಕೆಲವೇ ಮೈಲಿಗಳಲ್ಲಿ ಸುಟ್ಟುಹೋಗುತ್ತದೆ. ಹಬ್ಬನ್ನು ಕೈಯಿಂದ ತಿರುಗಿಸುತ್ತಲೇ ನಟ್ಟನ್ನು ಮೊದಲು ಸುಮಾರು 50 ಫೂಟ್-ಪೌಂಡುಗಳಷ್ಟು ಬಿಗಿಯಬೇಕು. ಇದರಿಂದ ಭಾಗಗಳೆಲ್ಲ ತಮ್ಮ ತಮ್ಮ ನೆಲೆಯಲ್ಲಿ ಕುಳಿತುಕೊಳ್ಳುತ್ತವೆ. ಅನಂತರ ಹಬ್ಬನ್ನು ಅಲುಗಿಸದೆ ನಟ್ಟನ್ನು ಪೂರ್ತಿ ಸಡಿಲಿಸಿ, ಬೆರಳುಗಳ ಬಲದಿಂದ ಮಾತ್ರ ಅದು ತಾಗುವವರೆಗೆ ತಿರುಗಿಸಿ, ಕಾಟರ್ ಪಿನ್ನಿನ ರಂಧ್ರಕ್ಕೆ ಹತ್ತಿರದ ಕಚ್ಚು ಹೊಂದುವಷ್ಟು ಹಿಂದಕ್ಕೆ ಬಿಟ್ಟು, ಹೊಸ ಪಿನ್ನನ್ನು ತೂರಿಸಿ ಬಾಗಿಸಬೇಕು. ಆಗ ಹಬ್ಬಿನಲ್ಲಿ ಉಳಿಯುವ ಅತಿ ಸೂಕ್ಷ್ಮವಾದ ಆಟ, ಅಂಗುಲದ ಸಾವಿರದ ಒಂದರಿಂದ ಹತ್ತು ಭಾಗಗಳಷ್ಟು ಮಾತ್ರ ಇರತಕ್ಕದ್ದು, ದೋಷವಲ್ಲ. ಕಾದಾಗ ಹಿಗ್ಗುವ ಲೋಹಕ್ಕೆ ಅದು ಬೇಕಾದ ಅವಕಾಶ.

ಇಷ್ಟೆಲ್ಲ ಪ್ರಯಾಸವನ್ನು ತಪ್ಪಿಸುವುದಾಗಿ ಹೇಳಿಕೊಳ್ಳುವ ಏರ್ಪಾಡೊಂದು ಈಚಿನ ಅನೇಕ ಅಚ್ಚುಗಳಲ್ಲಿ ಇದೆ. ಸ್ಪಿಂಡಲಿನ ತುದಿಯಲ್ಲಿ ಗ್ರೀಸ್ ನಿಪ್ಪಲ್ಲೊಂದನ್ನು ಕೂರಿಸಿರುತ್ತಾರೆ; ರಬ್ಬರಿನ ಬಿರಡೆಯನ್ನು ತೆಗೆದು ಗ್ರೀಸ್ ಗನ್ನಿನಿಂದ ಒತ್ತಿದರೆ, ಸ್ಪಿಂಡಲಿನೊಳಗೆ ಕೊರೆದ ನಾಳದಲ್ಲಿ ಹಾಯ್ದ ಗ್ರೀಸು ಒಳಗಿನ ಬೇರಿಂಗನ್ನು ಮುಟ್ಟಿ, ಅಲ್ಲಿಂದ ಮುಂದಕ್ಕೆ ಹರಿದು ಹೊರಗಿನದನ್ನೂ ತುಂಬಿ, ಹಳೆಯ ಗ್ರೀಸನ್ನು ಬಾಯಿಯಿಂದ ಹೊರತಳ್ಳುತ್ತದೆ. ಏರ್ಪಾಡು ಜಾಣತನದ್ದೇ, ಗಾಲಿಯನ್ನು ತಿರುಗಿಸುತ್ತ ನಿಧಾನವಾಗಿ ಒತ್ತುವವನಿಗೆ ಅದರಿಂದ ಉಪಯೋಗವೂ ಉಂಟು. ಆದರೆ ಅದರ ಮಿತಿಗಳು ಎರಡು. ಒಂದನೆಯದು, ಗನ್ನಿನ ಒತ್ತಡ ಸ್ವಲ್ಪ ಹೆಚ್ಚಾದರೂ, ಸೀಲು ಸ್ವಲ್ಪ ಹಳತಾಗಿದ್ದರೂ, ಗ್ರೀಸು ಮುಂದಕ್ಕೆ ಬರುವ ಬದಲು ಹಿಂದಕ್ಕೆ ನುಗ್ಗಿ ಬ್ರೇಕಿನ ಡ್ರಮ್ಮಿನೊಳಗೆ ಇಳಿಯುತ್ತದೆ. ಬೇರಿಂಗಿಗೆ ಜೀವವಾದ ವಸ್ತು ಬ್ರೇಕಿಗೆ ವಿಷವೆಂಬುದೂ, ಇವೆರಡೂ ಒಂದೇ ಕೋಣೆಯಲ್ಲಿ ತೆಳುವಾದ ಒಂದು ಸೀಲಿನ ಅಂತರದಲ್ಲಿ ವಾಸಮಾಡುತ್ತಿವೆಯೆಂಬುದೂ ಈ ಯಂತ್ರದ ಮೂಲಭೂತವಾದ ತೊಡಕು. ಡ್ರಮ್ಮಿಗೆ ಉಜ್ಜಿ ಗಾಲಿಯನ್ನು ತಡೆಯುವ ಲೈನಿಂಗು ಗ್ರೀಸನ್ನು ಹೀರಿದರೆ ಅದನ್ನು ತೊಳೆದು ಸರಿಪಡಿಸಲಾಗದು, ಅದನ್ನು ಹೊತ್ತ ಶೂಗಳನ್ನೇ ಬದಲಿಸಬೇಕು. ಎರಡನೆಯ ಮಿತಿ ಇನ್ನೂ ಮುಖ್ಯವಾದುದು: ಗನ್ನು ಗ್ರೀಸನ್ನು ಕೊಡಬಲ್ಲುದೇ ಹೊರತು ಉರುಳೆ ನೀಲಿಗಟ್ಟಿದೆಯೆ, ಬಟ್ಟಲು ಗುಳಿಬಿದ್ದಿದೆಯೆ ಎಂಬ ಸುದ್ದಿಯನ್ನು ತರಲಾರದು. ಗುಳಿಬಿದ್ದ ಬೇರಿಂಗಿನ ಮೇಲೆ ಎಷ್ಟು ಹೊಸ ಗ್ರೀಸನ್ನು ತುಂಬಿದರೂ ಅದು ಗುಳಿಬಿದ್ದ ಬೇರಿಂಗೇ.

ಬ್ರೇಕಿನ ವಿಚಾರಕ್ಕೆ ಬಂದರೆ, ಹಬ್ಬನ್ನು ಹೊರಗೆಳೆದಾಗಲೇ ಅದರ ಅಂಗಾಂಗಗಳೆಲ್ಲ ಕಣ್ಣೆದುರಿಗೆ ಬಂದಿರುತ್ತವೆ. ಆದುದರಿಂದ ಬೇರಿಂಗಿನ ವಾರ್ಷಿಕ ಸೇವೆಯೂ ಬ್ರೇಕಿನ ಪರೀಕ್ಷೆಯೂ ಒಂದೇ ಕಾರ್ಯದ ಎರಡು ಭಾಗಗಳು. ಟ್ರೇಲರುಗಳಲ್ಲಿ ಬಹುವಾಗಿ ಬಳಕೆಯಲ್ಲಿರುವುದು ವಿದ್ಯುತ್ತಿನ ಡ್ರಮ್ ಬ್ರೇಕು. 3,500 ಪೌಂಡಿನ ಅಚ್ಚಿಗೆ 10 ಅಂಗುಲ, ಅದಕ್ಕಿಂತ ಭಾರವಾದವಕ್ಕೆ 12 ಅಂಗುಲ ವ್ಯಾಸದ್ದು. ಚಾಲಕನು ಕಾರಿನ ಪೆಡಲನ್ನು ಒತ್ತಿದಾಗ ಕಾರಿನಲ್ಲಿರುವ ಕಂಟ್ರೋಲರು ತಂತಿಯ ಮೂಲಕ ಪ್ರತಿ ಗಾಲಿಯ ವಿದ್ಯುತ್ಕಾಂತಕ್ಕೂ ವಿದ್ಯುತ್ತನ್ನು ಕಳುಹಿಸುತ್ತದೆ. ಸನ್ನೆಯ ತುದಿಯಲ್ಲಿ ಕುಳಿತಿರುವ ಆ ಕಾಂತವು ತಿರುಗುತ್ತಿರುವ ಡ್ರಮ್ಮಿನ ಒಳಮುಖಕ್ಕೆ ಅಂಟಿಕೊಳ್ಳಲು ಹವಣಿಸಿ, ಅದರೊಡನೆ ತುಸು ದೂರ ಎಳೆಯಲ್ಪಟ್ಟು, ಸನ್ನೆಯನ್ನು ಓರೆ ಮಾಡುತ್ತದೆ. ಸನ್ನೆಯು ಮುಂದಿನ ಶೂವನ್ನು ಡ್ರಮ್ಮಿಗೆ ಒತ್ತುತ್ತದೆ. ಆ ಶೂವನ್ನು ಡ್ರಮ್ಮು ತನ್ನ ಚಲನೆಯಿಂದಲೇ ಎಳೆದುಕೊಂಡು ಹಿಂದಿನ ಶೂವನ್ನು ಮತ್ತಷ್ಟು ಬಲದಿಂದ ಒತ್ತಿಸುತ್ತದೆ. ಹೀಗೆ ನಿಲ್ಲಿಸುವ ಬಲದ ಬಹುಭಾಗವನ್ನು ಉರುಳುವ ಗಾಲಿಯೇ ಒದಗಿಸಿಕೊಡುತ್ತದೆ. ವಿದ್ಯುತ್ತು ಮಾಡುವುದು ಪ್ರೇರಣೆಯನ್ನು ಮಾತ್ರ. ಒಂದು ಕಾಂತಕ್ಕೆ ಬೇಕಾದುದು 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರು; ನಾಲ್ಕು ಗಾಲಿಗಳಿಗೆ ಹನ್ನೆರಡು.

ಈ ಕೊನೆಯ ಅಂಕಿಯನ್ನು ನೆನಪಿನಲ್ಲಿಟ್ಟುಕೊಳ್ಳುವುದರಿಂದ ದೊಡ್ಡ ಪ್ರಯೋಜನವುಂಟು. ನಾಲ್ಕು ಬ್ರೇಕುಗಳಿರುವ ಬಂಡಿಯಲ್ಲಿ ವಿದ್ಯುನ್ಮಾಪಕವು ಒಂಬತ್ತೇ ಆಂಪಿಯರನ್ನು ತೋರಿಸಿದರೆ ಒಂದು ಗಾಲಿ ಕೆಲಸಕ್ಕೆ ಚಕ್ಕರ್ ಹೊಡೆಯುತ್ತಿದೆಯೆಂದು ಗಾಲಿ ಬಿಚ್ಚದೆಯೇ ತಿಳಿಯಬಹುದು. ಟ್ರೇಲರಿನ ಬ್ರೇಕಿಗೆ ಬರುವ ರೋಗಗಳಲ್ಲಿ ಅನೇಕವು ತಂತಿಯ ರೋಗಗಳು: ತುಕ್ಕು ಹಿಡಿದ ಜೋಡಣೆ, ಅಚ್ಚಿನ ಕೊಳವೆಯೊಳಗೆ ಉಜ್ಜಿ ಉಜ್ಜಿ ಸಿಪ್ಪೆ ಹರಿದ ತಂತಿ, ಚೌಕಟ್ಟಿಗೆ ಸರಿಯಾಗಿ ತಾಗದ ಅರ್ತು. ಹಾಗೆಂದು ಮಾಪಕವನ್ನೇ ಪೂರ್ಣವಾಗಿ ನಂಬುವಂತೆಯೂ ಇಲ್ಲ. ಕಾಂತಕ್ಕೆ ಪೂರ್ಣ ವಿದ್ಯುತ್ತು ಹರಿದರೂ ಶೂವಿನ ಮೇಲೆ ಗ್ರೀಸು ಕುಳಿತಿದ್ದರೆ ಗಾಲಿ ನಿಲ್ಲದು. ಡ್ರಮ್ಮನ್ನು ತೆಗೆದಾಗ ಕಾಂತದ ಮುಖವು ಸಮವಾಗಿ ಸವೆದಿದೆಯೆ, ಒಳಗಿನ ತಾಮ್ರದ ಸುರುಳಿ ಇಣುಕುತ್ತಿದೆಯೆ ಎಂದು ನೋಡಬೇಕು. ಲೈನಿಂಗು ಅಂಗುಲದ ಹದಿನಾರನೆಯ ಒಂದು ಭಾಗಕ್ಕೆ ಇಳಿದಿದ್ದರೆ ಶೂಗಳನ್ನು ಬದಲಿಸಬೇಕು. ಬದಲಿಸುವಾಗ ಒಂದೇ ಅಚ್ಚಿನ ಎರಡು ಕಡೆಯವನ್ನೂ ಕೂಡಿಯೇ ಬದಲಿಸಬೇಕು, ಇಲ್ಲವಾದರೆ ಬಂಡಿ ಒಂದು ಮಗ್ಗುಲಿಗೆ ಎಳೆಯುತ್ತದೆ. ಚಿಕ್ಕ ಲೈನಿಂಗಿನ ಶೂ ಬಂಡಿಯ ಮುಂಭಾಗದ ಕಡೆಗೆ ಇರತಕ್ಕದ್ದು. ಹಳೆಯ ಬಂಡಿಯ ಲೈನಿಂಗಿನ ಧೂಳಿನಲ್ಲಿ ಆಸ್ಬೆಸ್ಟಾಸ್ ಇರುವ ಸಂಭವವಿರುವುದರಿಂದ ಅದನ್ನು ಗಾಳಿಯಿಂದ ಊದದೆ ಒದ್ದೆ ಬಟ್ಟೆಯಿಂದ ಒರೆಸುವುದು ಲೇಸು.

ಶೂ ಸವೆದಂತೆಲ್ಲ ಅದಕ್ಕೂ ಡ್ರಮ್ಮಿಗೂ ನಡುವಣ ಅಂತರ ಬೆಳೆಯುತ್ತದೆ. ತಾನಾಗಿ ಸರಿಪಡಿಸಿಕೊಳ್ಳುವ ಬ್ರೇಕು ಹೊಸ ಬಂಡಿಗಳಲ್ಲಿ ಬಂದಿದ್ದರೂ, ಹಳೆಯವುಗಳಲ್ಲಿ ಈ ಕೆಲಸ ಕೈಯಿಂದಲೇ ಆಗಬೇಕು; ಮೊದಲ 200 ಮೈಲಿಗಳಾದ ಮೇಲೆ ಒಮ್ಮೆ, ಆಮೇಲೆ 3,000 ಮೈಲಿಗೊಮ್ಮೆ ಎಂಬುದು ತಯಾರಕರ ಸೂಚನೆ. ಹಿಂಬದಿಯ ತಟ್ಟೆಯ ಕೆಳಗಿನ ಸೀಳಿನಲ್ಲಿ ಚಪ್ಪಟೆಯಾದ ಮೀಟುಗೋಲನ್ನು ತೂರಿಸಿ, ಹಲ್ಲುಗಳುಳ್ಳ ಚಕ್ರವೊಂದನ್ನು ಗಾಲಿ ತಿರುಗಲು ಬಹಳ ಕಷ್ಟವಾಗುವ ತನಕ ತಿರುಗಿಸಿ, ಬಳಿಕ ಶೂ ಡ್ರಮ್ಮನ್ನು ಲಘುವಾಗಿ ಸವರುವ ಸದ್ದು ಮಾತ್ರ ಕೇಳುವಷ್ಟು ಹಿಂದಕ್ಕೆ ಬಿಡಬೇಕು. ಅನೇಕರು ಈ ಹಂತವನ್ನು ಬಿಟ್ಟು, ಬ್ರೇಕು ಮಂದವಾದಾಗಲೆಲ್ಲ ಕಂಟ್ರೋಲರಿನ ಗುಂಡಿಯನ್ನು ತಿರುಗಿಸಿ ವಿದ್ಯುತ್ತನ್ನು ಹೆಚ್ಚಿಸುತ್ತ ಹೋಗುತ್ತಾರೆ. ಅದರಿಂದ ಅಂತರ ಕಡಮೆಯಾಗುವುದಿಲ್ಲ. ಅಂತರವಿರುವುದನ್ನು ಚಾಲಕನಿಂದ ಮರೆಮಾಚಿದಂತಾಗುತ್ತದೆ.

ಆ ಅಂತರದ ನಿಜವಾದ ಬೆಲೆ ತಿಳಿಯುವುದು ಪರ್ವತದ ಇಳಿಜಾರಿನಲ್ಲಿ. ಮೂರು ಸಾವಿರ ಕಿಲೋಗ್ರಾಂ ತೂಕದ ಬಂಡಿಯು ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಓಡುತ್ತಿರುವಾಗ ಅದರಲ್ಲಿರುವ ಚಲನಶಕ್ತಿ ಸುಮಾರು 11.6 ಲಕ್ಷ ಜೂಲ್. ನಿಲ್ಲಿಸಬೇಕೆಂದರೆ ಇದೆಲ್ಲ ಉಷ್ಣವಾಗಿ ಮಾರ್ಪಡಬೇಕು. ಇದೇ ಬಂಡಿ 600 ಮೀಟರ್ ಎತ್ತರದಿಂದ ಕೆಳಕ್ಕಿಳಿದರೆ ಬಿಡುಗಡೆಯಾಗುವ ಶಕ್ತಿ ಅದರ ಹದಿನೈದು ಪಾಲು. ಕೊಲೊರಾಡೋದಲ್ಲಿ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿರುವ ಐಸೆನ್‌ಹೋವರ್ ಸುರಂಗದಿಂದ ಡೆನ್ವರಿನ ಕಡೆಗೆ ಇಳಿಯುವವನು ಇದಕ್ಕಿಂತ ಹೆಚ್ಚಿನದನ್ನೇ ಎದುರಿಸುತ್ತಾನೆ. ವಯೋಮಿಂಗಿನ ಟೀಟನ್ ಕಣಿವೆದಾರಿಯಲ್ಲಿ ನೂರಕ್ಕೆ ಹತ್ತರ ಇಳಿಜಾರು ಇರುವುದರಿಂದ ಚಳಿಗಾಲದಲ್ಲಿ ಟ್ರೇಲರುಗಳಿಗೆ ಪ್ರವೇಶವನ್ನೇ ನಿಷೇಧಿಸಿದ್ದಾರೆ. ಪೆಡಲನ್ನು ಒತ್ತಿಹಿಡಿದೇ ಇಂತಹ ಘಟ್ಟವನ್ನು ಇಳಿಯುವವನ ಡ್ರಮ್ಮುಗಳು ಕಾದು ಹಿಗ್ಗಿ ಶೂಗಳಿಂದ ದೂರ ಸರಿಯುತ್ತವೆ. ಲೈನಿಂಗಿನ ಹಿಡಿತ ಶಿಥಿಲವಾಗುತ್ತದೆ. ಆ ಕಾವು ಪಕ್ಕದ ಬೇರಿಂಗಿಗೂ ಹರಿದು ಅಲ್ಲಿಯ ಗ್ರೀಸನ್ನು ತೆಳುಗೊಳಿಸುತ್ತದೆ. ಮೊದಲೇ ಕೆಳಗಿನ ಗೇರಿಗೆ ಇಳಿದು, ವೇಗವನ್ನು ಎಂಜಿನ್ನಿನಿಂದ ತಡೆದು, ಬ್ರೇಕನ್ನು ಬಿಟ್ಟು ಬಿಟ್ಟು ಒತ್ತುವುದು ಇದಕ್ಕೆ ಪರಿಹಾರ.

ಕಾನೂನು ಕೂಡ ಈ ಅಪಾಯವನ್ನು ಬಲ್ಲುದು. ಅಮೆರಿಕದ ಅನೇಕ ರಾಜ್ಯಗಳಲ್ಲಿ 3,000 ಪೌಂಡಿಗೆ ಮೇಲ್ಪಟ್ಟ ಟ್ರೇಲರಿಗೆ ಸ್ವಂತ ಬ್ರೇಕು ಕಡ್ಡಾಯ. ಕ್ಯಾಲಿಫೋರ್ನಿಯಾದಲ್ಲಿ ಈ ಮಿತಿ 1,500 ಪೌಂಡು. ಕೊಂಡಿ ಕಳಚಿ ಬಂಡಿ ಬೇರ್ಪಟ್ಟರೆ ತಾನಾಗಿ ಬ್ರೇಕು ಹಿಡಿಯುವ ಏರ್ಪಾಡೂ ಇದರೊಡನೆ ಬರುತ್ತದೆ: ಕಾರಿಗೆ ಕಟ್ಟಿದ ತಂತಿಹಗ್ಗವು ಎಳೆದಾಗ ಸ್ವಿಚ್ಚಿನಿಂದ ಒಂದು ಪಿನ್ನು ಹೊರಬಂದು, ಟ್ರೇಲರಿನ ಬ್ಯಾಟರಿಯ ವಿದ್ಯುತ್ತು ನೇರವಾಗಿ ಕಾಂತಗಳಿಗೆ ಹರಿಯುತ್ತದೆ. ಬ್ಯಾಟರಿ ಸತ್ತಿದ್ದರೆ ಈ ರಕ್ಷಣೆ ಹೆಸರಿಗೆ ಮಾತ್ರ. ಹೊರಡುವ ಮುನ್ನ ಕಾರಿನ ಪ್ಲಗ್ಗನ್ನು ಬಿಡಿಸಿ, ಪಿನ್ನನ್ನು ಎಳೆದು, ಬಂಡಿಯನ್ನು ಮುಂದಕ್ಕೆ ಎಳೆಯಲು ಯತ್ನಿಸಿ ಗಾಲಿಗಳು ಬಿಗಿದಿವೆಯೆ ಎಂದು ಕಂಡು, ಕಾಂತಗಳು ಕಾಯದಂತೆ ಒಡನೆಯೇ ಪಿನ್ನನ್ನು ಮರಳಿ ಸೇರಿಸಬೇಕು. ತಂತಿಹಗ್ಗವನ್ನು ಕೊಂಡಿಯ ಗುಂಡಿಗೆ ಸುತ್ತದೆ ಕಾರಿನ ಚೌಕಟ್ಟಿಗೇ ಕಟ್ಟತಕ್ಕದ್ದು. ಕಳಚುವುದು ಆ ಗುಂಡೇ ಆಗಿದ್ದರೆ ಅದರೊಡನೆ ಹಗ್ಗವೂ ಹೋಗುತ್ತದೆ.

ದಾರಿಯಲ್ಲಿ ಮಾಡತಕ್ಕ ಕೆಲಸ ಕೊಂಚವೇ. ಗಾಲಿಯನ್ನು ಮತ್ತೆ ತೊಡಿಸಿದ ಮೇಲೆ ಅದರ ನಟ್ಟುಗಳನ್ನು ಎದುರುಬದುರಾಗಿ ಬಿಗಿದು, 10, 25, 50 ಮೈಲಿಗಳ ಬಳಿಕ ಟಾರ್ಕ್ ಸ್ಪ್ಯಾನರಿನಿಂದ ಪುನಃ ನೋಡಬೇಕು. ಅರ್ಧ ಅಂಗುಲದ ಬೋಲ್ಟಿಗೆ 90ರಿಂದ 120 ಫೂಟ್-ಪೌಂಡು ಸಾಮಾನ್ಯವಾದ ಪ್ರಮಾಣ. ಪೆಟ್ರೋಲಿಗೆ ನಿಂತಾಗಲೆಲ್ಲ ಬಂಡಿಯ ಸುತ್ತ ಒಂದು ಪ್ರದಕ್ಷಿಣೆ ಬಂದು ಪ್ರತಿಯೊಂದು ಹಬ್ಬಿನ ಸಮೀಪಕ್ಕೂ ಕೈಯೊಡ್ಡಿ ನೋಡುವುದೋ, ಉಷ್ಣತೆಯನ್ನು ದೂರದಿಂದಲೇ ಅಳೆಯುವ ಮಾಪಕವನ್ನು ಹಿಡಿಯುವುದೋ ಒಳ್ಳೆಯ ಅಭ್ಯಾಸ. ನಾಲ್ಕೂ ಸಮನಾಗಿ ಬೆಚ್ಚಗಿದ್ದರೆ ಚಿಂತೆಯಿಲ್ಲ. ಒಂದು ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿಯಾಗಿದ್ದರೆ ಬೇರಿಂಗೋ ಎಳೆದಿರುವ ಬ್ರೇಕೋ ತೊಂದರೆಯಲ್ಲಿದೆ. ಒಂದು ಮಾತ್ರ ತಣ್ಣಗಿದ್ದರೆ ಅಲ್ಲಿಯ ಬ್ರೇಕು ಕೆಲಸ ಮಾಡುತ್ತಿಲ್ಲವೆಂದು ಸಂದೇಹಿಸಬೇಕು.

ಈ ಕೆಲಸವನ್ನೆಲ್ಲ ಸ್ವತಃ ಮಾಡಲೇಬೇಕೆಂದು ಯಾರನ್ನೂ ಒತ್ತಾಯಿಸಲಾಗದು. ಕೈ ಕೊಳೆಯಾಗುವುದು ಎಲ್ಲರಿಗೂ ಒಗ್ಗದು, ಸ್ಟ್ಯಾಂಡು ಸ್ಪ್ಯಾನರುಗಳು ಎಲ್ಲರಲ್ಲಿಯೂ ಇರವು. ವರ್ಕ್‌ಷಾಪಿಗೆ ಒಪ್ಪಿಸುವವನು ಮಾತ್ರ ಒಂದು ಷರತ್ತನ್ನು ಮುಂಚೆಯೇ ಹೇಳಿಡುವುದು ಒಳ್ಳೆಯದು: ತೆಗೆದ ಹಳೆಯ ಸೀಲುಗಳನ್ನೂ ಕಾಟರ್ ಪಿನ್ನುಗಳನ್ನೂ ತನಗೆ ಮರಳಿಸಬೇಕೆಂದು. ಹಬ್ಬನ್ನು ಬಿಚ್ಚದೆ ಗನ್ನಿನಿಂದ ಗ್ರೀಸೊತ್ತಿ ಕೈತೊಳೆದುಕೊಂಡವನ ಬಳಿ ಅವು ಇರುವುದಿಲ್ಲ. ತಾನೇ ಮಾಡಿದರೂ, ಮಾಡಿಸಿದರೂ, ಒಂದು ಚಿಕ್ಕ ಪುಸ್ತಕದಲ್ಲಿ ದಿನಾಂಕವನ್ನೂ ಓಡಿದ ಮೈಲಿಯನ್ನೂ ಬೇರಿಂಗಿನ ಸಂಖ್ಯೆಯನ್ನೂ ಗ್ರೀಸಿನ ಹೆಸರನ್ನೂ ನಾಲ್ಕು ಗಾಲಿಗಳ ಲೈನಿಂಗಿನ ದಪ್ಪವನ್ನೂ ಬೇರೆ ಬೇರೆಯಾಗಿ ಬರೆದಿಡಬೇಕು. ಎರಡು ಮೂರು ವರ್ಷಗಳ ಇಂತಹ ಬರಹವಿದ್ದರೆ, ಬಲಗಡೆಯ ಹಿಂದಿನ ಶೂ ಮಿಕ್ಕವುಗಳಿಗಿಂತ ಬೇಗ ಸವೆಯುತ್ತಿದೆಯೆಂಬುದಾಗಲಿ, ಒಂದು ಹಬ್ಬಿನ ಗ್ರೀಸು ಮಾತ್ರ ವರ್ಷವರ್ಷವೂ ನೀರು ಬೆರೆತು ಬೆಳ್ಳಗಾಗಿ ಸಿಕ್ಕುತ್ತಿದೆಯೆಂಬುದಾಗಲಿ ಒಡೆಯನಿಗೆ ತಾನಾಗಿ ಗೋಚರವಾಗುತ್ತದೆ. ಮುಂದಿನ ಬೇಸಿಗೆಯಲ್ಲಿ ಘಟ್ಟದ ದಾರಿಯನ್ನು ಹಿಡಿಯುವ ಮುನ್ನ ಏನನ್ನು ಬದಲಿಸಬೇಕು, ಏನನ್ನು ಇನ್ನೊಂದು ವರ್ಷ ಬಿಡಬಹುದು ಎಂಬ ನಿರ್ಣಯವನ್ನು ಊಹೆಗೆ ಬಿಡದೆ ಆ ಪುಟಗಳನ್ನು ನೋಡಿಯೇ ಮಾಡಬಹುದು.